ಕ್ಯಾರವಾನ್ ಮುಂದಿನ ಎಸಿ, ಹೀಟರ್ ಕೈಕೊಟ್ಟಾಗ: ಗ್ಯಾಸ್ ಹಾಕಿಸುವ ಮೊದಲು ಏನೇನು ನೋಡಬೇಕು

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಗೋಳಗುಮ್ಮಟ ನೋಡಿಕೊಂಡು, ಆಲಮಟ್ಟಿ ಮೇಲೆ ಬಾದಾಮಿಗೆ ಹೊರಟ ಕ್ಯಾರವಾನ್‌ನಲ್ಲಿ (ಒಳಗೇ ಮನೆಯಂತೆ ಇರಬಹುದಾದ ಗಾಡಿ) ಡ್ಯಾಶ್‌ಬೋರ್ಡ್ ಎಸಿ ಬಿಸಿ ಗಾಳಿ ಬಿಡಲು ಶುರು ಮಾಡಿತು ಅನ್ನಿ. ದಾರಿಯಲ್ಲಿ ಸಿಗುವ ಮೊದಲ ಸಲಹೆ ಯಾವಾಗಲೂ ಒಂದೇ: "ಗ್ಯಾಸ್ ಖಾಲಿ ಆಗೇತ್ರಿ, ತುಂಬಿಸಿಬಿಡ್ರಿ."

ಈ ಸಲಹೆಯನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಎಸಿ ಗ್ಯಾಸ್ ಡೀಸೆಲ್ ಹಾಗೆ ಸುಟ್ಟು ಖರ್ಚಾಗುವುದಿಲ್ಲ. ಪೈಪಿನೊಳಗೇ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್, ಸೀಲ್‌ಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಸೋರುವುದು ಸಹಜ. ಆದರೆ ಕಳೆದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ. ತೊಂದರೆ ಫ್ಯೂಸ್‌ನಲ್ಲೋ, ಧೂಳಿನಲ್ಲೋ, ಹೀಟರ್ ವಾಲ್ವ್‌ನಲ್ಲೋ (ಹೀಟರ್‌ಗೆ ಬಿಸಿ ನೀರು ಬಿಡುವ ವಾಲ್ವ್) ಕೂತಿರುತ್ತದೆ. ಅದಕ್ಕೇ ಇಲ್ಲಿ ಎಸಿ ಪರೀಕ್ಷೆಯಲ್ಲಿ ಗ್ಯಾಸಿನ ಮಾತು ಕೊನೆಗೆ ಬರುತ್ತದೆ.

ಕೈ ಹಾಕುವ ಮುನ್ನ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ದುಪಟ್ಟಾ, ಟವೆಲ್, ಸಡಿಲ ತೋಳು, ಕೈಗಡಿಯಾರ ಬೆಲ್ಟ್ ಹತ್ತಿರ ಬೇಡ. ಕಂಡೆನ್ಸರ್ (ಎಸಿ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ, ರೇಡಿಯೇಟರ್‌ನಂಥ ಭಾಗ) ಫ್ಯಾನ್ ಕರೆಂಟಿನದಾದರೆ ಕೀ ಆನ್ ಇದ್ದಾಗ ಯಾವ ಕ್ಷಣದಲ್ಲಾದರೂ ತಿರುಗಬಹುದು. ಅಲ್ಲಿ ಬೆರಳು ಇಡುವ ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ.

ಇನ್ನೊಂದು ಮಾತು. ಎಸಿ ಪೈಪಿನ ಯಾವ ನಟ್ಟನ್ನೂ ಸುಮ್ನೆ ಬಿಚ್ಚಿ ನೋಡಬೇಡಿ. ಹೆಚ್ಚಿನ ಗಾಡಿಗಳಲ್ಲಿರುವ ಆರ್134ಎ ಗ್ಯಾಸ್ ಬಯಲಿಗೆ ಬಂದರೆ ಮೈನಸ್ 26 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಚರ್ಮಕ್ಕೋ ಕಣ್ಣಿಗೋ ತಾಗಿದರೆ ಆ ಜಾಗ ಹೆಪ್ಪುಗಟ್ಟುತ್ತದೆ.

ಕೆಟ್ಟಿರುವುದು ಯಾವ ಎಸಿ?

ಕ್ಯಾರವಾನ್‌ನಲ್ಲಿ ಎರಡು ವ್ಯವಸ್ಥೆ ಇರಬಹುದು. ಹಿಂದಿನ ಮನೆ ಭಾಗದ ಎಸಿ ಸಾಮಾನ್ಯವಾಗಿ 230 ವೋಲ್ಟ್‌ನದು. ಅದು ಜನರೇಟರ್, ಇನ್ವರ್ಟರ್ ಅಥವಾ ಹೊರಗಿನ ಪ್ಲಗ್‌ನಿಂದ ನಡೆಯುತ್ತದೆ. ಡ್ಯಾಶ್‌ಬೋರ್ಡ್ ಎಸಿ ಎಂಜಿನ್ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್‌ನದು (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್). ಎರಡರ ನಡುವೆ ಸಂಬಂಧವೇ ಇಲ್ಲ. ಇಲ್ಲಿ ಹೇಳುತ್ತಿರುವುದು ಡ್ಯಾಶ್‌ಬೋರ್ಡ್ ಎಸಿಯ ವಿಷಯ.

ಟೆಂಪೋ ಟ್ರಾವೆಲರ್ ಥರದ ಗಾಡಿಗಳಲ್ಲಿ ಒಂದೇ ಕಂಪ್ರೆಸರ್ ಮುಂದೊಂದು, ಹಿಂದೊಂದು ಕೂಲಿಂಗ್ ಕಾಯಿಲ್ ನಡೆಸುವುದೂ ಉಂಟು. ಹಾಗಿದ್ದರೆ ಹಿಂದೆ ತಂಪು ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಕಂಪ್ರೆಸರ್, ಅದರ ಕ್ಲಚ್, ಕಂಡೆನ್ಸರ್ ತಕ್ಕಮಟ್ಟಿಗೆ ಸರಿ ಇವೆ. ತೊಂದರೆ ಮುಂದಿನ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್), ಫಿಲ್ಟರ್, ಫ್ಲಾಪ್ (ಗಾಳಿಯ ದಾರಿ ತಿರುಗಿಸುವ ಬಾಗಿಲು), ಹೀಟರ್ ವಾಲ್ವ್ ಅಥವಾ ಮುಂದಿನ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿದೆ (ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ವಾಲ್ವ್). ಇಷ್ಟು ಗೊತ್ತಾದರೆ ಅರ್ಧ ಕೆಲಸ ಉಳಿಯಿತು.

ಗಾಳಿಯೇ ಬರುತ್ತಿಲ್ಲ, ಇಲ್ಲವೇ ತೀರಾ ಕಡಿಮೆ

ಬ್ಲೋವರ್‌ನ ಎಲ್ಲಾ ಸ್ಪೀಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಕೊನೆಯ ಸ್ಪೀಡ್‌ನಲ್ಲಿ ಮಾತ್ರ ಗಾಳಿ ಬಂದರೆ ಬ್ಲೋವರ್ ರೆಸಿಸ್ಟರ್ ಹೋಗಿದೆ. ಕಡಿಮೆ ಸ್ಪೀಡ್‌ಗಳಿಗೆ ಕರೆಂಟ್ ಅದರ ಮೂಲಕ ಹೋಗುತ್ತದೆ, ಕೊನೆಯ ಸ್ಪೀಡ್‌ಗೆ ನೇರವಾಗಿ ಹೋಗುತ್ತದೆ. ರೆಸಿಸ್ಟರ್ ದೊಡ್ಡ ಖರ್ಚಿನದಲ್ಲ. ಆದರೆ ಅದರ ಪ್ಲಗ್ ಕಂದಿದೆಯಾ, ಕರಗಿದೆಯಾ ನೋಡಿ. ಕರಗಿದ್ದರೆ ಬ್ಲೋವರ್ ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು. ರೆಸಿಸ್ಟರ್ ಮಾತ್ರ ಬದಲಿಸಿದರೆ ಅದೂ ಸುಟ್ಟುಹೋಗುತ್ತದೆ.

ಯಾವ ಸ್ಪೀಡ್‌ನಲ್ಲೂ ಇಲ್ಲವೇ? ಫ್ಯೂಸ್, ರಿಲೇ, ಅರ್ಥಿಂಗ್ ವೈರ್ ಈ ಕ್ರಮದಲ್ಲಿ ನೋಡಿ. ಮೋಟಾರ್ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಅದರ ಕಾರ್ಬನ್ ಬ್ರಷ್ ಸವೆದಿದೆ. ಊರು ಮುಟ್ಟುವವರೆಗೆ ನಡೆಯಬಹುದು, ನಂಬಿಕೊಂಡು ಕೂರಬೇಡಿ. ಫ್ಯೂಸ್ ಎಷ್ಟು ಆಂಪಿಯರ್‌ದೋ ಅಷ್ಟರದ್ದನ್ನೇ ಹಾಕಿ. ಸಿಗರೇಟ್ ಪ್ಯಾಕಿನ ಹಾಳೆ, ತಾಮ್ರದ ತಂತಿ ಸುತ್ತಿ ನಡೆಸುವವರನ್ನು ಕಂಡಿದ್ದೇನೆ. ಮರದ ಕಪಾಟು, ಫೋಮ್ ಹಾಸಿಗೆ ತುಂಬಿದ ಗಾಡಿಯಲ್ಲಿ ವೈರ್ ಹೊತ್ತಿಕೊಂಡರೆ ಹೊರಗೆ ಬರಲು ಸಮಯ ಸಿಗುವುದಿಲ್ಲ.

ಬ್ಲೋವರ್ ಜೋರಾಗಿ ತಿರುಗುವ ಸದ್ದು ಬರುತ್ತಿದೆ, ಗಾಳಿ ಮಾತ್ರ ಕಡಿಮೆ ಎಂದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಕಪ್ಪು ಮಣ್ಣಿನ ಧೂಳು, ಜೋಳದ ಸುಗ್ಗಿಯ ಹೊಟ್ಟು ಸೇರಿ ಅದು ರಟ್ಟಿನಂತಾಗಿರುತ್ತದೆ. ಕೆಲವು ಗಾಡಿಗಳಲ್ಲಿ ಫಿಲ್ಟರೇ ಇರುವುದಿಲ್ಲ. ಆಗ ಆ ಕಸವೆಲ್ಲ ನೇರ ಕೂಲಿಂಗ್ ಕಾಯಿಲ್ ಮೇಲೆ ಕೂರುತ್ತದೆ.

ಗಾಳಿ ಮುಖಕ್ಕೆ ಬರದೆ ಎದುರಿನ ಗಾಜಿಗೋ ಕಾಲಿಗೋ ಮಾತ್ರ ಹೋಗುತ್ತಿದ್ದರೆ ಫ್ಲಾಪ್ ಕೇಬಲ್ ಕಳಚಿದೆ. ವಿದೇಶದಿಂದ ಬಂದ ಕೆಲವು ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಈ ಫ್ಲಾಪ್‌ಗಳು ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿಯ ಎಳೆತದಿಂದ, ಆಡುತ್ತವೆ. ಸಣ್ಣ ರಬ್ಬರ್ ಟ್ಯೂಬ್ ಬಿರಿದರೂ ಸಾಕು, ಗಾಳಿಯೆಲ್ಲ ಗಾಜಿನ ಕಡೆ ಹೋಗುತ್ತದೆ. ಏನೇ ಕೆಟ್ಟರೂ ಡ್ರೈವರ್‌ಗೆ ರಸ್ತೆ ಕಾಣಬೇಕು ಎಂದೇ ಹಾಗೆ ಮಾಡಿರುತ್ತಾರೆ. ಎಂಜಿನ್ ಬದಿಯಿಂದ ಆ ಟ್ಯೂಬನ್ನು ಕೈಯಿಂದ ಸವರುತ್ತಾ ಬನ್ನಿ, ಬಿರುಕು ಸಿಗುತ್ತದೆ.

ಗಾಳಿ ಚೆನ್ನಾಗಿದೆ, ತಂಪೇ ಇಲ್ಲ

ಹೆಚ್ಚಿನವರು ಬರುವುದು ಈ ದೂರು ಹೊತ್ತುಕೊಂಡೇ. ಮೊದಲು ಅಳತೆ ಮಾಡಿ. ಸಾದಾ ಥರ್ಮಾಮೀಟರ್ ಒಂದನ್ನು ನಡುವಿನ ಗಾಳಿ ಕಿಂಡಿಯಲ್ಲಿಡಿ. ಒಳಗಾಳಿಯ ಬಟನ್ ಹಾಕಿ, ಕಿಟಕಿ ಮುಚ್ಚಿ, ಎಂಜಿನ್ 1500 ಆರ್‌ಪಿಎಂ ಆಸುಪಾಸಿನಲ್ಲಿಟ್ಟು 10 ನಿಮಿಷ ಬಿಡಿ. ಒಳಗೆ ಹೋಗುವ ಗಾಳಿಗಿಂತ ಹೊರಬರುವ ಗಾಳಿ 15 ಡಿಗ್ರಿಯಷ್ಟು ತಣ್ಣಗಿದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಮೇ ತಿಂಗಳ ಮಧ್ಯಾಹ್ನ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಕಾರಿನಂಥ ಚಳಿ ಬಾರದಿದ್ದರೆ ಅದು ದೋಷವಲ್ಲ. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಎಳೆದು ನೋಡಿ. ಇಡೀ ಮನೆಯನ್ನು ತಂಪು ಮಾಡುವ ಹೊರೆ ಮುಂದಿನ ಎಸಿಗೆ ತಪ್ಪುತ್ತದೆ.

ಅಳತೆ ನಿಜಕ್ಕೂ ಕೆಟ್ಟಿದ್ದರೆ ಹೀಟರ್ ವಾಲ್ವ್ ನೋಡಿ. ಇದನ್ನು ಜನ ಮರೆತೇಬಿಡುತ್ತಾರೆ. ಡ್ಯಾಶ್‌ಬೋರ್ಡ್ ಒಳಗೆ ಕೂಲಿಂಗ್ ಕಾಯಿಲ್ ದಾಟಿದ ಗಾಳಿ ಹೀಟರ್ ಕೋರ್ (ಎಂಜಿನ್‌ನ ಬಿಸಿ ನೀರು ಹರಿಯುವ ಸಣ್ಣ ರೇಡಿಯೇಟರ್) ಪಕ್ಕದಲ್ಲೇ ಹಾದುಬರುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದು ಫ್ಲಾಪ್ ಪೂರ್ತಿ ಮುಚ್ಚದಿದ್ದರೆ, ತಣ್ಣಗಾದ ಗಾಳಿಯನ್ನು ಎಂಜಿನ್‌ನ ಬಿಸಿ ನೀರು ಮತ್ತೆ ಕಾಯಿಸುತ್ತದೆ. ಎಂಜಿನ್ ತಣ್ಣಗಿರುವಾಗ, ಹೀಟರ್‌ಗೆ ಹೋಗುವ ರಬ್ಬರ್ ಹೋಸ್‌ಗೆ ದಪ್ಪ ಬಟ್ಟೆ ಸುತ್ತಿ ಕ್ಲಾಂಪ್‌ನಿಂದ ಮೆಲ್ಲಗೆ ಒತ್ತಿ ಹಿಡಿಸಿ. ಹೋಸ್ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಈ ಪರೀಕ್ಷೆ ಬೇಡ. ಆಮೇಲೆ ಗಾಡಿ ಶುರು ಮಾಡಿ ಎಸಿ ಹಾಕಿ. ತಂಪು ಬಂತೋ, ವಾಲ್ವ್ ಅಥವಾ ಫ್ಲಾಪ್ ಸರಿಮಾಡಿದರೆ ಮುಗಿಯಿತು, ಗ್ಯಾಸ್‌ಗೆ ಒಂದು ರೂಪಾಯಿಯೂ ಬೇಡ.

ಮುಂದಿನದು ಕಂಡೆನ್ಸರ್. ಗಾಡಿ ಹೈವೇಯಲ್ಲಿ ಓಡುವಾಗ ತಂಪು, ಊರೊಳಗೆ ನಿಂತರೆ ಬಿಸಿ ಎಂದರೆ ಅನುಮಾನ ನೇರ ಇದರ ಮೇಲೇ. ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತಿದೆಯಾ, ಗಾಳಿಯನ್ನು ಸರಿ ದಿಕ್ಕಿಗೆ ಎಳೆಯುತ್ತಿದೆಯಾ ನೋಡಿ. ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುವುದೂ ಇದೆ.

ಈಗ ಕಂಡೆನ್ಸರ್ ಮುಂದೆ ಕೂತು ಟಾರ್ಚ್ ಬಿಡಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಓಡಾಡಿದ ಗಾಡಿಯಾದರೆ ಕಾಣುವ ನೋಟ ಹೀಗಿರುತ್ತದೆ: ಮುಂದಿನ ಜಾಳಿಗೆಯಲ್ಲಿ ಒಣ ಕಬ್ಬಿನ ರವದಿಯ ಚೂರು, ಅದರ ಹಿಂದೆ ಸತ್ತ ಹುಳ, ಅದರ ಮೇಲೆ ಹತ್ತಿಯ ಎಳೆ. ಇಷ್ಟನ್ನೂ ಕಪ್ಪು ಮಣ್ಣು ಅಂಟಿಸಿ ಒಂದು ಪದರ ಮಾಡಿರುತ್ತದೆ. ಇನ್ನೂ ಕೆಟ್ಟದ್ದು ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಸ್ವಚ್ಛ ಎನಿಸುತ್ತದೆ, ಆದರೆ ಬೆಳಕು ಆಚೆ ಹಾಯುವುದಿಲ್ಲ.

ತೊಳೆಯುವಾಗ ಎಂಜಿನ್ ತಣ್ಣಗಿರಲಿ. ಎಂಜಿನ್ ಬದಿಯಿಂದ ಹೊರಕ್ಕೆ, ಗಿಡಕ್ಕೆ ನೀರು ಬಿಡುವ ಪೈಪಿನ ಮೆಲ್ಲಗಿನ ಧಾರೆ ಸಾಕು. ವಾಟರ್ ಸರ್ವಿಸ್‌ನ ಜೋರು ಗನ್ ಹತ್ತಿರ ತಂದರೆ ತೆಳು ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಪೂರ್ತಿ ಮುಚ್ಚುತ್ತವೆ. ಮೊದಲು ಕಂದು ನೀರು ಬರುತ್ತದೆ, ಆಮೇಲೆ ಎಳೆಎಳೆಯಾಗಿ ಕಸ. ನೀರು ತಿಳಿಯಾಗುವವರೆಗೆ ಬಿಡಿ. ಕಂಡೆನ್ಸರ್ ಚಾವಣಿ ಮೇಲಿದ್ದರೆ ಏಣಿಯನ್ನು ಒಬ್ಬರು ಹಿಡಿದಿರಲಿ.

ಕ್ಲಚ್ ಹಿಡಿಯುತ್ತಿದೆಯಾ?

ಕಂಪ್ರೆಸರ್‌ನ ಪುಲ್ಲಿ ಎಂಜಿನ್ ಜೊತೆ ಸದಾ ತಿರುಗುತ್ತದೆ. ಅದರ ನಡುವಿನ ತಟ್ಟೆ ಎಸಿ ಹಾಕಿದಾಗ ಮಾತ್ರ 'ಟಕ್' ಎಂದು ಹಿಡಿದುಕೊಂಡು ತಿರುಗಬೇಕು. ದೂರದಿಂದಲೇ ನೋಡಿ.

ತಟ್ಟೆ ತಿರುಗುತ್ತಿಲ್ಲ ಎಂದರೆ ಫ್ಯೂಸ್ ನೋಡಿ. ಪಕ್ಕದಲ್ಲಿ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಮಲ್ಟಿಮೀಟರ್ ಇದ್ದರೆ ಕ್ಲಚ್ ವೈರಿಗೆ 12 ವೋಲ್ಟ್ ಮೇಲೆ ಬರುತ್ತಿದೆಯಾ ಅಳೆಯಿರಿ. ಕರೆಂಟ್ ಬಂದೂ ಹಿಡಿಯದಿದ್ದರೆ ಕ್ಲಚ್‌ನ ವೈರ್ ಸುರುಳಿ (ಕಾಯಿಲ್) ಸುಟ್ಟಿದೆ, ಇಲ್ಲವೇ ತಟ್ಟೆ ಸವೆದು ಅಂತರ ಜಾಸ್ತಿಯಾಗಿದೆ. 12 ವೋಲ್ಟ್ ಕ್ಲಚ್ ಕಾಯಿಲ್ ಸಾಮಾನ್ಯವಾಗಿ 3ರಿಂದ 4 ಓಮ್ ತೋರಿಸುತ್ತದೆ. ತಟ್ಟೆಗೂ ಪುಲ್ಲಿಗೂ ನಡುವಿನ ಅಂತರ ಅರ್ಧ ಮಿಲಿಮೀಟರ್ ಆಸುಪಾಸು. ಬೆಳಗ್ಗೆ ಚೆನ್ನಾಗಿ ಹಿಡಿದು, ಮಧ್ಯಾಹ್ನ ಎಂಜಿನ್ ಕಾದ ಮೇಲೆ ಬಿಟ್ಟುಬಿಡುವ ಕ್ಲಚ್‌ನಲ್ಲಿ ಈ ಅಂತರವನ್ನೇ ಮೊದಲು ಅಳೆಯಿಸಿ. ಕಾದ ಕಾಯಿಲ್‌ನ ಎಳೆತ ಕಡಿಮೆಯಾಗುತ್ತದೆ, ಸವೆದ ಅಂತರವನ್ನು ದಾಟಲು ಆಗುವುದಿಲ್ಲ.

ಕ್ಲಚ್‌ಗೆ ಕರೆಂಟೇ ಬರುತ್ತಿಲ್ಲವೇ? ಪ್ರೆಶರ್ ಸ್ವಿಚ್ ತಡೆಯುತ್ತಿರಬಹುದು. ಗ್ಯಾಸ್ ತೀರಾ ಕಡಿಮೆಯಾದರೂ, ಒತ್ತಡ ತೀರಾ ಏರಿದರೂ ಅದು ಕಂಪ್ರೆಸರ್ ಉಳಿಸಲು ಕರೆಂಟ್ ಕಡಿಯುತ್ತದೆ. ಅದನ್ನು ತಂತಿ ಹಾಕಿ ಜೋಡಿಸಿ ಓಡಿಸಬೇಡಿ. ಗ್ಯಾಸಿನ ಜೊತೆಯೇ ಎಣ್ಣೆ ಸುತ್ತುತ್ತದೆ. ಗ್ಯಾಸ್ ಇಲ್ಲದೆ ಓಡಿದ ಕಂಪ್ರೆಸರ್ ಎಣ್ಣೆ ಕಾಣದೆ ಒಳಗೇ ಉಜ್ಜಿಕೊಂಡು ಜಾಮ್ ಆಗುತ್ತದೆ.

ಅರ್ಧ ಗಂಟೆ ತಂಪು, ಆಮೇಲೆ ಬಿಸಿ

ಇಲ್ಲಿ ಎರಡು ಬೇರೆ ಕಾಯಿಲೆಗಳಿವೆ. ಗುರುತಿಸಲು ಗಾಳಿಯ ರಭಸ ಗಮನಿಸಿ.

ತಂಪಿನ ಜೊತೆ ಗಾಳಿಯೂ ಕ್ರಮೇಣ ಕಡಿಮೆಯಾದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದೆ. ಎಸಿ ಬಟನ್ ಆಫ್ ಮಾಡಿ, ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸಿ. ಗಾಡಿ ಕೆಳಗೆ ನೀರು ಸುರಿದು ಗಾಳಿ ಮರಳಿದರೆ ಖಾತ್ರಿ. ಫಿಲ್ಟರ್ ಸ್ವಚ್ಛವಿದ್ದೂ ಹೀಗಾದರೆ ಕಾಯಿಲ್‌ನ ಥರ್ಮೋಸ್ಟಾಟ್ ಅಥವಾ ಸೆನ್ಸರ್ ಸರಿ ಸಮಯಕ್ಕೆ ಕ್ಲಚ್ ಬಿಡಿಸುತ್ತಿಲ್ಲ.

ಗಾಳಿ ಅಷ್ಟೇ ಜೋರಾಗಿದ್ದು ತಂಪು ಮಾತ್ರ ಹೋದರೆ, ಪೈಪಿನೊಳಗೆ ತೇವ ಸೇರಿರಬಹುದು. ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ತೂತಿನಲ್ಲಿ ಅದು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಕರಗಿ ಮತ್ತೆ ತಂಪು ಶುರು. ಹಿಂದೆ ಯಾರೋ ವ್ಯಾಕ್ಯೂಮ್ ಮಾಡದೆ (ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯದೆ) ಗ್ಯಾಸ್ ತುಂಬಿದ್ದರ ಫಲ ಇದು. ಮನೆಯಲ್ಲಿ ಸರಿಮಾಡುವ ಕೆಲಸವಲ್ಲ.

ಗ್ಯಾಸ್ ನಿಜವಾಗಿಯೂ ಕಡಿಮೆ ಎಂದು ಗೊತ್ತಾಗುವುದು ಹೇಗೆ?

ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ಹಿಡಿದು ಬಿಡುತ್ತಿದ್ದರೆ ಅದು ಬಲವಾದ ಸುಳಿವು. ಇನ್ನೊಂದು ಸುಳಿವನ್ನು ಕಣ್ಣಿನಿಂದಲೇ ಹುಡುಕಬಹುದು. ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಜಿನುಗುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಇಡೀ ಪೈಪ್ ಒಣ ಧೂಳಿನಿಂದ ಬೂದು ಬಣ್ಣಕ್ಕಿದ್ದು, ರಬ್ಬರ್ ಹೋಸ್ ಅಲ್ಯೂಮಿನಿಯಂ ಪೈಪಿಗೆ ಸೇರುವ ಜಾಗದಲ್ಲಿ ಮಾತ್ರ ಒದ್ದೆ ಒದ್ದೆ ಕಪ್ಪು ಉಂಗುರ ಕಂಡರೆ ಅಲ್ಲಿ ಬೆರಳು ಇಟ್ಟು ನೋಡಿ. ಜಿಡ್ಡಾಗಿರುತ್ತದೆ. ಎಂಜಿನ್ ನಿಲ್ಲಿಸಿ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಲೀಕ್ ಸಿಕ್ಕಿತು. ಗ್ಯಾಸ್ ತುಂಬುವ ವಾಲ್ವ್‌ಗಳ ಮುಚ್ಚಳ ಇದೆಯಾ ಅಂತಲೂ ನೋಡಿ. ಕಳೆದುಹೋಗಿದ್ದರೆ ಧೂಳು ಒಳಸೇರಿ ಅಲ್ಲಿಂದಲೇ ಸೋರುತ್ತದೆ.

ಗೇಜ್ (ಎರಡೂ ಕಡೆಯ ಒತ್ತಡ ತೋರಿಸುವ ಮುಳ್ಳಿನ ಮೀಟರ್) ಹಾಕುವುದು ಎಸಿ ಮೆಕ್ಯಾನಿಕ್ ಕೆಲಸ. ಆದರೆ ಓದಲು ನಿಮಗೆ ಬಂದರೆ ಯಾರೂ ದಾರಿ ತಪ್ಪಿಸಲಾರರು. ಆರ್134ಎ ತುಂಬಿದ, ತಣ್ಣಗೆ ನಿಂತ ಗಾಡಿಯಲ್ಲಿ 35 ಡಿಗ್ರಿ ಬಿಸಿಲಿಗೆ ಎರಡೂ ಮುಳ್ಳು ಸುಮಾರು 115 ಪಿಎಸ್ಐ ತೋರಿಸುತ್ತವೆ. 40, 50 ತೋರಿಸಿದರೆ ಒಳಗೆ ಬಹುತೇಕ ಖಾಲಿ. 115 ಇದೆ ಎಂದ ಮಾತ್ರಕ್ಕೆ ಪೂರ್ತಿ ತುಂಬಿದೆ ಎಂದಲ್ಲ. ಒಳಗೆ ದ್ರವ ಸ್ವಲ್ಪ ಉಳಿದಿದ್ದರೂ ಅಷ್ಟೇ ತೋರಿಸುತ್ತದೆ.

ಎಂಜಿನ್ ಓಡುವಾಗ ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಮ್ಮಿ. ಎರಡೂ ಜಾಸ್ತಿ ಇದ್ದರೆ ಕಂಡೆನ್ಸರ್ ಕೊಳಕಾಗಿದೆ, ಫ್ಯಾನ್ ನಿಂತಿದೆ, ಇಲ್ಲವೇ ಗ್ಯಾಸ್ ಅತಿಯಾಗಿದೆ. ಇಲ್ಲಿ ಇನ್ನಷ್ಟು ಗ್ಯಾಸ್ ಹಾಕಿಸಿದರೆ ತಂಪು ಮತ್ತೂ ಇಳಿಯುತ್ತದೆ. ಲೋ ಕಡೆ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಬದಿ) ಜಾಸ್ತಿ, ಹೈ ಕಡೆ (ಹೊರಹೋಗುವ ಬದಿ) ಕಡಿಮೆ ಎಂದರೆ ಕಂಪ್ರೆಸರ್ ಸೋತಿದೆ. ಲೋ ಕಡೆ ಸೊನ್ನೆಗಿಂತ ಕೆಳಗೆ ಜಾರಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್ ಅಥವಾ ತೇವ ಹೀರುವ ಡ್ರೈಯರ್ ಕಟ್ಟಿಕೊಂಡಿದೆ.

ಸರಿಯಾದ ಕೆಲಸದ ಕ್ರಮ ಹೀಗೆ: ಹಳೇ ಗ್ಯಾಸನ್ನು ಮೆಷಿನ್‌ನಿಂದ ಹೊರತೆಗೆಯುವುದು, ನೈಟ್ರೋಜನ್ ಒತ್ತಡ ಹಾಕಿ ಲೀಕ್ ಹುಡುಕಿ ಮುಚ್ಚುವುದು, ಡ್ರೈಯರ್ ಬದಲಿಸುವುದು, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್, ನಂತರ ಬಾನೆಟ್ ಕೆಳಗಿನ ಲೇಬಲ್‌ನಲ್ಲಿ ಬರೆದ ಗ್ಯಾಸನ್ನೇ ಬರೆದಷ್ಟೇ ಗ್ರಾಂ ತೂಗಿ ತುಂಬುವುದು. ಗಾಡಿಯನ್ನು ಕ್ಯಾರವಾನ್ ಮಾಡುವಾಗ ಪೈಪ್ ಉದ್ದ ಮಾಡಿಸಿದ್ದರೆ ಲೇಬಲ್ ಲೆಕ್ಕ ಹೊಂದುವುದಿಲ್ಲ. ಬಾಡಿ ಕಟ್ಟಿದವರಿಂದ ಸರಿ ತೂಕ ಕೇಳಿ ಬರೆಸಿಕೊಳ್ಳಿ. ಲೀಕ್ ಪರೀಕ್ಷೆಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತಂದರೆ ಅಲ್ಲಿಂದ ಗಾಡಿ ತೆಗೆದುಕೊಂಡು ಹೊರಡಿ. ಎಣ್ಣೆ ಜೊತೆ ಸೇರಿ ಅದು ಸ್ಫೋಟಿಸುತ್ತದೆ. ಅಡುಗೆ ಗ್ಯಾಸ್ ತುಂಬುವ ಮಾತು ಬಂದರೂ ಅಷ್ಟೇ.

ಹೀಟರ್ ಕಾಯುತ್ತಿಲ್ಲ, ಗಾಜು ಮಂಜಾಗುತ್ತಿದೆ

ವಿಜಯಪುರದವರಿಗೆ ಹೀಟರ್ ಯಾಕೆ ಬೇಕು ಅನಿಸಬಹುದು. ಮಳೆಗಾಲದಲ್ಲಿ ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿದವರು ಹಾಗೆ ಕೇಳುವುದಿಲ್ಲ. ಒಳಗೆ ನಾಲ್ಕು ಜನ ಉಸಿರಾಡುತ್ತಿರುವಾಗ ಎದುರಿನ ಗಾಜು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಆಗ ಎಸಿ, ಹೀಟರ್ ಎರಡನ್ನೂ ಹಾಕಿ, ಹೊರಗಾಳಿ ತೆರೆದು, ಗಾಳಿಯನ್ನು ಗಾಜಿಗೆ ತಿರುಗಿಸಿ. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಗಾಜು ಕಾಯಿಸುತ್ತದೆ.

ಬಿಸಿ ಬಾರದಿದ್ದರೆ ತಣ್ಣಗಿನ ಎಂಜಿನ್‌ನಲ್ಲಿ ಕೂಲೆಂಟ್ ಮಟ್ಟ ನೋಡಿ. ಆಮೇಲೆ ಟೆಂಪರೇಚರ್ ಮುಳ್ಳು. ಎಷ್ಟು ಓಡಿಸಿದರೂ ಮೇಲೇರದಿದ್ದರೆ ಎಂಜಿನ್ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಮುಳ್ಳು ಸರಿ ಇದ್ದರೆ ಹೀಟರ್‌ನ ಎರಡೂ ಹೋಸ್‌ಗಳನ್ನು ಬಟ್ಟೆ ಹಿಡಿದು ಎಚ್ಚರದಿಂದ ಮುಟ್ಟಿ. ಎರಡೂ ಬಿಸಿ ಎಂದರೆ ನೀರು ಹರಿಯುತ್ತಿದೆ, ಫ್ಲಾಪ್ ಆಡುತ್ತಿಲ್ಲ. ಎರಡೂ ತಣ್ಣಗೆ ಎಂದರೆ ವಾಲ್ವ್ ಮುಚ್ಚಿದೆ, ಇಲ್ಲವೇ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ಕೋರ್ ಕಟ್ಟಿದೆ.

ನಮ್ಮ ಕಡೆ ಕೋರ್ ಕಟ್ಟಲು ಕಾರಣ ಬೋರ್‌ವೆಲ್ ನೀರು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಧಾಬಾದ ನಲ್ಲಿಯಿಂದ ನೀರು ಸುರಿದರೆ ಅದರ ಸುಣ್ಣದಂಶ ಹೀಟರ್‌ನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗುತ್ತದೆ. ಕೂಲೆಂಟ್‌ಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಗಾಡಿ ಸೆಕೆಂಡ್ ಹ್ಯಾಂಡ್ ಆದರೆ, ಯಾರಾದರೂ ಬೇಸಿಗೆಯಲ್ಲಿ ಹೀಟರ್ ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿಬಿಟ್ಟಿದ್ದಾರಾ ಅಂತಲೂ ನೋಡಿ.

ಒಳಗೆ ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು, ಕಾಲಡಿ ಅಂಟಂಟು ಒದ್ದೆ: ಹೀಟರ್ ಕೋರ್ ಸೋರುತ್ತಿದೆ. ಘಾಟ್ ಇಳಿಯಬೇಡಿ. ಕೂಲೆಂಟ್ ವಿಷ. ಮಕ್ಕಳು, ನಾಯಿ ಅದನ್ನು ಮುಟ್ಟದಂತೆ ಒರೆಸಿ.

ಕಾಲಡಿ ನೀರು, ಹಳಸಿದ ವಾಸನೆ, ಕಿರುಚುವ ಸದ್ದು

ನೀರು ತಿಳಿಯಾಗಿದ್ದು ಜಿಡ್ಡಿಲ್ಲದಿದ್ದರೆ ಅದು ಕೂಲಿಂಗ್ ಕಾಯಿಲ್‌ನ ನೀರು, ಡ್ರೈನ್ ಪೈಪ್ ಕಟ್ಟಿದೆ. ಗಾಡಿ ಕೆಳಗಿನಿಂದ ಮೆತ್ತಗಿನ ತಂತಿ ಹಾಕಿ ಬಿಡಿಸಿ. ವಾಸನೆ ಬರುವುದು ಒದ್ದೆ ಕಾಯಿಲ್ ಮೇಲಿನ ಬೂಷ್ಟಿನಿಂದ. ಊರು ಮುಟ್ಟುವ ಐದು ನಿಮಿಷ ಮೊದಲು ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿದರೆ ಕಾಯಿಲ್ ಒಣಗುತ್ತದೆ. ಎಸಿ ಹಾಕಿದ ಕೂಡಲೇ ಕಿರುಚಿದರೆ ಬೆಲ್ಟ್ ಸಡಿಲ. ಎಸಿ ಆಫ್ ಇದ್ದಾಗಲೂ ಗರಗರ ಎಂದರೆ ಪುಲ್ಲಿ ಬೇರಿಂಗ್ ಇರಬಹುದು. ಅದು ಜಾಮ್ ಆದರೆ ಬೆಲ್ಟ್ ತುಂಡಾಗುತ್ತದೆ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಕಾದು ನಡುದಾರಿಯಲ್ಲೇ ನಿಲ್ಲುತ್ತೀರಿ.

ಇಲ್ಲಿಗೆ ನಿಲ್ಲಿಸಿ

ಎಸಿ ಹಾಕಿದಾಗ ಎಂಜಿನ್ ಮುಳ್ಳು ಕೆಂಪಿನ ಕಡೆ ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತೆರೆಯಿರಿ. ಸೆಕೆ ತಡೆದುಕೊಳ್ಳಿ, ಎಂಜಿನ್ ಉಳಿಯುತ್ತದೆ. ಮುಳ್ಳು ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಸುಟ್ಟ ವೈರ್ ವಾಸನೆ, ಒಂದೇ ಫ್ಯೂಸ್ ಮತ್ತೆ ಮತ್ತೆ ಹೋಗುವುದು, ಪೈಪಿನಿಂದ ಸುಯ್ಯೆನ್ನುವ ಸದ್ದು, ಇವು ಮೂರೂ ನುರಿತವರ ಕೈಗೆ ಕೊಡಬೇಕಾದ ಕೆಲಸ.

ಸೆಕೆ ಎಂದು ರಾತ್ರಿ ಎಂಜಿನ್ ಓಡಿಸುತ್ತಾ ಮುಂದಿನ ಎಸಿ ಹಾಕಿಕೊಂಡು ಮಲಗಬೇಡಿ. ನಿಂತ ಗಾಡಿಯ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೈಲೆನ್ಸರ್‌ನ ಸಣ್ಣ ತೂತು, ನೆಲದ ಹಲಗೆಯ ಸಂದಿ ಇದ್ದರೆ ಒಳಗೆ ಬರುತ್ತದೆ. ಕ್ಯಾರವಾನ್‌ನಲ್ಲಿ ಮಲಗುವ ಜಾಗದ ಹತ್ತಿರ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ತಲೆ ಭಾರ, ವಾಕರಿಕೆ, ತಲೆ ತಿರುಗು ಕಂಡರೆ ಮೊದಲು ಎಲ್ಲರನ್ನೂ ಹೊರಗೆ ಗಾಳಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಗಾಡಿ ಆಮೇಲೆ ನೋಡಿದರಾಯಿತು.